ಡೇಟಾಬೇಸ್ 10 ಜಿಬಿ ಮುಟ್ಟುತ್ತಿದೆ, ಡೆವಲಪರ್ ಎಡಿಷನ್ ಹಾಕಿಕೊಳ್ಳಬಹುದಾ?

ನಿಮ್ಮ ಹಾರ್ಡ್‌ವೇರ್ ಅಂಗಡಿಯ ಬಿಲ್ಲಿಂಗ್ ಎಸ್‌ಕ್ಯೂಎಲ್ ಸರ್ವರ್ 2019 ಎಕ್ಸ್‌ಪ್ರೆಸ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ಸಾಫ್ಟ್‌ವೇರ್‌ನ ಫ್ರೀ ಎಡಿಷನ್) ಮೇಲೆ ನಡೆಯುತ್ತಿದೆ. ಡೇಟಾಬೇಸ್ 9.6 ಜಿಬಿ ಆಗಿದೆ, ಇದರಲ್ಲಿ 10 ಜಿಬಿ ದಾಟುವ ಹಾಗಿಲ್ಲ. ಸಾಫ್ಟ್‌ವೇರ್ ಕೊಟ್ಟವರು ದುಡ್ಡು ಕೊಡಬೇಕಾದ ಸ್ಟ್ಯಾಂಡರ್ಡ್ ಎಡಿಷನ್ ಕೊಳ್ಳಿ ಅಂತಾರೆ, ಗೆಳೆಯರು ಡೆವಲಪರ್ ಎಡಿಷನ್ ಫ್ರೀ ಇದೆಯಲ್ಲ ಅಂತಾರೆ. ಇದೇ ಅಲ್ವಾ ನಿಮ್ಮ ಪ್ರಶ್ನೆ?

ಡೆವಲಪರ್ ಹಾಕಬೇಡಿ. ಅದರಲ್ಲಿ ಎಲ್ಲಕ್ಕಿಂತ ದೊಡ್ಡ ಎಡಿಷನ್ ಆದ ಎಂಟರ್‌ಪ್ರೈಸ್‌ನ ಸೌಲಭ್ಯವೆಲ್ಲ ಇದೆ, ದುಡ್ಡೂ ಇಲ್ಲ, ನಿಜ. ಆದರೆ ಪ್ರೋಗ್ರಾಂ ಬರೆಯೋದಕ್ಕೆ, ಪರೀಕ್ಷೆ ಮಾಡೋದಕ್ಕೆ ಮಾತ್ರ ಅದನ್ನು ಬಳಸಬಹುದು. ಗಿರಾಕಿಗೆ ಬಿಲ್ ಹೊಡೆದರೆ ಲೈಸೆನ್ಸ್ ಮುರಿದ ಹಾಗೆ. ಸಾಫ್ಟ್‌ವೇರ್ ಏನೂ ತಕರಾರು ಮಾಡುವುದಿಲ್ಲ, ಸುಮ್ನೆ ಓಡುತ್ತದೆ. ಜನ ಸಿಕ್ಕಿಹಾಕಿಕೊಳ್ಳೋದು ಅಲ್ಲೇ.

ವರ್ಷನ್ ಬೇರೆ, ಎಡಿಷನ್ ಬೇರೆ. ಡೇಟಾಬೇಸ್ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಸ್ಟುಡಿಯೋ ಪ್ರೋಗ್ರಾಂನಲ್ಲಿ ಸರ್ವರ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆಯಿರಿ. ವರ್ಷನ್ ಸಾಲಿನಲ್ಲಿ 15 ರಿಂದ ಶುರುವಾಗುವ ನಂಬರ್ ಇದ್ದರೆ 2019, 16 ಇದ್ದರೆ 2022. ಎಕ್ಸ್‌ಪ್ರೆಸ್, ಸ್ಟ್ಯಾಂಡರ್ಡ್ ಅನ್ನೋದು ಪ್ರಾಡಕ್ಟ್ ಸಾಲಿನಲ್ಲಿ ಇರುತ್ತದೆ. ನಿಮಗೆ ಎಡಿಷನ್ ಬದಲಿಸಿ ಅಂತ ಹೇಳಿದ್ದಾರೆ. ನಾನಾದರೆ ಮೊದಲು ವರ್ಷನ್ ಬದಲಿಸುತ್ತೇನೆ. 2022 ರವರೆಗೆ ಎಕ್ಸ್‌ಪ್ರೆಸ್‌ಗೆ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ ಇತ್ತು, 2025 ರಲ್ಲಿ ಅದನ್ನು 50 ಜಿಬಿಗೆ ಏರಿಸಿದ್ದಾರೆ. ಈಗಲೂ ಫ್ರೀ, ಅಂಗಡಿಯಲ್ಲಿ ಧಾರಾಳವಾಗಿ ಬಳಸಬಹುದು. ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ 2025 ರ ಮೇಲೆ ಓಡುತ್ತದಾ ಅಂತ ಕೊಟ್ಟವರನ್ನೇ ಕೇಳಿ, ಉತ್ತರವನ್ನು ಬರಹದಲ್ಲಿ ತಗೊಳ್ಳಿ.

ಅದಕ್ಕೂ ಮುಂಚೆ, ತುಂಬಿರೋದು ಏನು ಅಂತ ನೋಡಿ. ಡೇಟಾಬೇಸ್ ಮೇಲೆ ರೈಟ್ ಕ್ಲಿಕ್, ರಿಪೋರ್ಟ್ಸ್, ಸ್ಟ್ಯಾಂಡರ್ಡ್ ರಿಪೋರ್ಟ್ಸ್, ಡಿಸ್ಕ್ ಯೂಸೇಜ್ ಬೈ ಟಾಪ್ ಟೇಬಲ್ಸ್. ನಾನು ನೋಡಿಕೊಳ್ಳುವ ಒಂದು ಅಂಗಡಿಯಲ್ಲಿ ಐದು ವರ್ಷದ ಬಿಲ್ಲೆಲ್ಲ ಸೇರಿ 2 ಜಿಬಿ ಕೂಡ ಇರಲಿಲ್ಲ. ಯಾರು ಯಾವಾಗ ಲಾಗಿನ್ ಆದರು, ಯಾವ ಬಟನ್ ಒತ್ತಿದರು ಅನ್ನೋ ಲಾಗ್ ಟೇಬಲ್ ಒಂದೇ 6 ಜಿಬಿ! ಸಾಫ್ಟ್‌ವೇರ್ ಮಾಡಿದವರನ್ನು ಕೇಳಿ ಹಳೆಯ ಲಾಗ್ ಅಳಿಸಿದೆವು, ಆ ಜಾಗವೇ ಹೊಸ ಬಿಲ್‌ಗಳಿಗೆ ಸಿಕ್ಕಿತು. ಸ್ಟ್ಯಾಂಡರ್ಡ್‌ನ ಕೊಟೇಶನ್ ಇನ್ನೂ ನನ್ನ ಡ್ರಾಯರ್‌ನಲ್ಲಿದೆ. ಬಿಲ್‌ಗಳಿಗೆ ಮಾತ್ರ ಕೈ ಹಾಕಬೇಡಿ. ಜಿಎಸ್‌ಟಿ ಲೆಕ್ಕವನ್ನು ವಾರ್ಷಿಕ ರಿಟರ್ನ್‌ನ ಕಡೇ ದಿನಾಂಕದಿಂದ 72 ತಿಂಗಳು ಇಡಬೇಕು.

ಇಷ್ಟಾದ ಮೇಲೂ ಸ್ಟ್ಯಾಂಡರ್ಡೇ ಬೇಕು ಅಂದರೆ, ಅದನ್ನು ಎರಡು ರೀತಿ ಕೊಳ್ಳಬಹುದು. ಒಂದು, ಕೋರ್ (ಪ್ರೊಸೆಸರ್ ಒಳಗೆ ಕೆಲಸ ಮಾಡುವ ಘಟಕ) ಲೆಕ್ಕ: ಎಷ್ಟು ಜನ ಬಳಸಿದರೂ ಸರಿ, ಆದರೆ ಒಂದು ಪ್ರೊಸೆಸರ್‌ಗೆ ಕನಿಷ್ಠ ನಾಲ್ಕು ಕೋರ್ ಲೈಸೆನ್ಸ್ ಕೊಳ್ಳಬೇಕು. ಇನ್ನೊಂದು, ಸರ್ವರ್‌ಗೆ ಒಂದು ಲೈಸೆನ್ಸ್, ಅದರ ಮೇಲೆ ಸಂಪರ್ಕಿಸುವ ಪ್ರತಿ ವ್ಯಕ್ತಿಗೆ ಅಥವಾ ಪ್ರತಿ ಯಂತ್ರಕ್ಕೆ ಒಂದೊಂದು ಕ್ಯಾಲ್ (ಸರ್ವರ್ ಬಳಸಲು ಬೇಕಾದ ಲೈಸೆನ್ಸ್). ಮೂರು ಕೌಂಟರ್, ಎರಡು ಪಾಳಿಯಲ್ಲಿ ಆರು ಹುಡುಗರು ಇದ್ದರೆ ಯಂತ್ರದ ಲೆಕ್ಕವೇ ಅಗ್ಗ, ಮೂರು ಸಾಕು. ನೀವು ಮನೆಯಿಂದ ಮೊಬೈಲ್‌ನಲ್ಲಿ ಮಾರಾಟ ನೋಡುತ್ತೀರಾದರೆ ಅದೂ ಒಂದು ಯಂತ್ರ. ಬಿಲ್ಲಿಂಗ್ ಸಾಫ್ಟ್‌ವೇರ್ ಒಂದೇ ಯೂಸರ್ ಹೆಸರಿನಲ್ಲಿ ಡೇಟಾಬೇಸ್‌ಗೆ ಹೋಗುತ್ತದೆ, ಹಾಗಾಗಿ ಒಂದು ಕ್ಯಾಲ್ ಸಾಕು ಅಂತ ಕೆಲವರು ಹೇಳುತ್ತಾರೆ. ನಂಬಬೇಡಿ. ಹಿಂದೆ ಇರುವ ಜನ ಅಥವಾ ಯಂತ್ರಗಳನ್ನೇ ಎಣಿಸುತ್ತಾರೆ.

2025 ಕ್ಕೆ ಹೋಗುವಾಗ ಹಳೆಯ 2019 ರ ಬ್ಯಾಕಪ್ ಫೈಲನ್ನು ಬೇರೆ ಡಿಸ್ಕ್‌ನಲ್ಲಿ ಎತ್ತಿಡಿ. 2019 ರ ಬ್ಯಾಕಪ್ 2025 ರಲ್ಲಿ ತೆರೆಯುತ್ತದೆ, 2025 ರ ಬ್ಯಾಕಪ್ 2019 ರಲ್ಲಿ ತೆರೆಯುವುದಿಲ್ಲ. ಭಾನುವಾರ ಬದಲಿಸಿ, ಸೋಮವಾರ ಸಂಜೆ ಇದು ಬೇಡ, 2019 ಕ್ಕೇ ವಾಪಸ್ ಹೋಗೋಣ ಅನಿಸಿದರೆ ಆ ದಿನದ ಬಿಲ್‌ಗಳನ್ನು ಕೈಯಲ್ಲಿ ಮತ್ತೆ ಹೊಡೆಯಬೇಕಾಗುತ್ತದೆ.