ಕಾರ್ಯಕರ್ತೆ ಮನೆಗೆ ಬರುತ್ತಾರೆ, ವ್ಯಾಯಾಮವನ್ನೇ ಮಾಡಿಸುವುದಿಲ್ಲ!

ಅಂಗವೈಕಲ್ಯವುಳ್ಳ ಮಕ್ಕಳು ಮತ್ತು ವಯಸ್ಕರ ನಡುವೆ ಕೆಲಸ ಮಾಡುವ ಸೇವಾ ಸಂಸ್ಥೆಗಳ ಬಗ್ಗೆ ಓದುಗರು ಕೇಳಿದ ಮೂರು ಪ್ರಶ್ನೆಗಳಿಗೆ ಸಮುದಾಯ ಪುನರ್ವಸತಿ ಕ್ಷೇತ್ರದ ಫಿಸಿಯೋಥೆರಪಿಸ್ಟ್ ಒಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಸೆರೆಬ್ರಲ್ ಪಾಲ್ಸಿ (ಮೆದುಳಿಗೆ ಆದ ಗಾಯದಿಂದ ಬರುವ ಚಲನೆಯ ತೊಂದರೆ) ಇದೆ. ಆಸರೆಯಿಲ್ಲದೆ ಕೂರಲಾರ, ಕಾಲುಗಳು ಬಿಗಿ. ಸೇವಾ ಸಂಸ್ಥೆಯ ಕಾರ್ಯಕರ್ತೆಯೊಬ್ಬರು ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಮನೆಗೆ ಬರುತ್ತಾರೆ. ಕೈಕಾಲು ಎಳೆದು ವ್ಯಾಯಾಮ ಮಾಡಿಸುತ್ತಾರೆ ಎಂದುಕೊಂಡಿದ್ದೆ. ಅವರೋ, ನಾನು ಮಗುವಿಗೆ ಊಟ ಮಾಡಿಸುವುದನ್ನು ನೋಡುತ್ತಾ ಕೂರುತ್ತಾರೆ. ಎತ್ತಿಕೊಳ್ಳುವುದು ಹೇಗೆ, ಬಟ್ಟೆ ತೊಡಿಸುವುದು ಹೇಗೆ ಎಂದು ನನಗೇ ಪಾಠ ಹೇಳುತ್ತಾರೆ. ಇದರಿಂದ ಮಗುವಿಗೇನು ಲಾಭ? ಬೇರೆ ಯಾರನ್ನಾದರೂ ಹುಡುಕಬೇಕೇ?

ಉತ್ತರ: ನೀವು ಬರೆದದ್ದನ್ನು ಓದಿದರೆ, ಆ ಕಾರ್ಯಕರ್ತೆಗೆ ತಮ್ಮ ಕೆಲಸ ಚೆನ್ನಾಗಿಯೇ ಗೊತ್ತಿದೆ ಎನಿಸುತ್ತದೆ. ಹದಿನೈದು ದಿನದಲ್ಲಿ 360 ಗಂಟೆ. ಅದರಲ್ಲಿ ಒಂದು ಗಂಟೆ ಅವರದು, ಮಿಕ್ಕ 359 ಗಂಟೆ ನಿಮ್ಮದು. ಆ ಒಂದು ಗಂಟೆ ಪೂರ್ತಿ ಅವರೇ ಮಗುವಿನ ಕಾಲು ಎಳೆದು ಹೋದರೆ ನೋಡುವವರಿಗೆ ಏನೋ ನಡೆಯಿತು ಎನಿಸೀತು, ಅಷ್ಟೇ. ಬೇರೆಯವರು ಕೈಕಾಲು ಎಳೆಯುವಾಗ ಮಗು ಸುಮ್ಮನೆ ಮಲಗಿರುವ ಬಗೆಯ ಚಿಕಿತ್ಸೆಯಿಂದ ಸಿಗುವ ಪ್ರಯೋಜನ ಅಲ್ಪ. ಸೆರೆಬ್ರಲ್ ಪಾಲ್ಸಿಯ ಚಿಕಿತ್ಸೆಗಳನ್ನು ಆಸ್ಟ್ರೇಲಿಯಾದ ಸಂಶೋಧಕಿ ಅಯೋನಾ ನೋವಾಕ್ ಮತ್ತು ಸಂಗಡಿಗರು 2013ರಲ್ಲಿ ಮತ್ತು 2020ರಲ್ಲಿ ಒಟ್ಟಾಗಿ ಪರಾಮರ್ಶಿಸಿದಾಗಲೂ ತೂಕ ಬಿದ್ದದ್ದು ಇನ್ನೊಂದು ಕಡೆಗೆ: ಮಗು ತನಗೆ ಬೇಕಾದ ಒಂದು ಕೆಲಸವನ್ನು ತಾನೇ, ಅದು ನಡೆಯುವ ಜಾಗದಲ್ಲೇ, ಮತ್ತೆ ಮತ್ತೆ ಮಾಡುವುದು. ಲೋಟ ಹಿಡಿಯುವುದನ್ನು ಕಲಿಯಬೇಕಾದರೆ ಲೋಟವನ್ನೇ ಹಿಡಿಯಬೇಕು.

ಊಟವನ್ನು ಅವರು ಏಕೆ ಅಷ್ಟು ಗಮನವಿಟ್ಟು ನೋಡುತ್ತಾರೆ ಎಂಬುದನ್ನು ತಿಳಿಯಲು ಒಂದು ಪ್ರಯೋಗ ಮಾಡಿ. ತಲೆಯನ್ನು ಪೂರ್ತಿ ಹಿಂದಕ್ಕೆ ಬಾಗಿಸಿ, ಮೇಲೆ ನೋಡುತ್ತಾ ಬಾಯಲ್ಲಿರುವ ಎಂಜಲನ್ನು ನುಂಗಲು ಯತ್ನಿಸಿ. ಕಷ್ಟ, ಅಲ್ಲವೇ? ಮಡಿಲಲ್ಲಿ ಮಲಗಿಸಿಕೊಂಡು ಮೇಲಿನಿಂದ ತುತ್ತು ಇಳಿಸುವಾಗ ಮಗುವಿನ ಸ್ಥಿತಿ ಅದೇ. ತುತ್ತು ಶ್ವಾಸನಾಳಕ್ಕೆ ಜಾರಬಹುದು, ಪದೇ ಪದೇ ಹಾಗಾದರೆ ನ್ಯುಮೋನಿಯಾ ಬರಬಹುದು. ಸೊಂಟ ಕುರ್ಚಿಯ ಹಿಂಬದಿಗೆ ಒತ್ತಿರಬೇಕು, ಮಂಡಿ ಮಡಿಚಿ ಪಾದಕ್ಕೆ ಆಸರೆ ಸಿಗಬೇಕು, ಗದ್ದ ತುಸು ಕೆಳಗಿರಬೇಕು. ಚಮಚ ಎದುರಿನಿಂದ, ಮಗುವಿನ ಬಾಯಿಯ ಮಟ್ಟದಲ್ಲೇ ಬರಬೇಕು. ಒಂದು ತುತ್ತು ನುಂಗಿ ಮುಗಿಯುವವರೆಗೆ ಎರಡನೆಯದು ಬೇಡ. ಊಟದ ನಡುವೆ ಕೆಮ್ಮು, ಊಟವಾದ ಮೇಲೆ ಗಂಟಲಲ್ಲಿ ಗೊರಗೊರ ಸದ್ದು, ಮತ್ತೆ ಮತ್ತೆ ಎದೆ ಸೋಂಕು ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ಹೇಳಲೇಬೇಕು. ಒಂದು ದಿನಕ್ಕೆ ಎಷ್ಟು ಬಾರಿ ಊಟ ಮಾಡಿಸುತ್ತೀರೋ ಅಷ್ಟು ಬಾರಿ ಕೂರುವ, ಕತ್ತು ನಿಲ್ಲಿಸುವ, ಕೈ ಚಾಚುವ ಅಭ್ಯಾಸ ತಾನಾಗಿಯೇ ನಡೆಯುತ್ತದೆ. ಬಟ್ಟೆಯ ವಿಷಯವೂ ಹಾಗೆಯೇ. ತೋಳಿನೊಳಗೆ ನೀವೇ ಕೈ ತೂರಿಸುವ ಮೊದಲು ಎರಡು ಕ್ಷಣ ಕಾದು ನೋಡಿ, ಅವನೇ ಭುಜ ಮುಂದೆ ತರಬಹುದು.

ಹಾಗೆಂದು ಕಾರ್ಯಕರ್ತೆ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಎನ್ನುತ್ತಿಲ್ಲ. ಒಂದು ಪ್ರಶ್ನೆಯನ್ನು ಅವರಿಗೆ ಖಂಡಿತ ಕೇಳಿ: ಸೊಂಟದ ಕೀಲಿನ ಎಕ್ಸ್‌ರೇ ಯಾವಾಗ? ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ತೊಡೆಮೂಳೆಯ ತಲೆ ಕೀಲಿನಿಂದ ಹೊರಸರಿಯುತ್ತದೆ. ನಡೆಯಲಾಗದ ಮಕ್ಕಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಆರಂಭದಲ್ಲಿ ನೋವೇ ಇರುವುದಿಲ್ಲ, ಹಾಗಾಗಿ ಎಷ್ಟು ಹುಷಾರಾಗಿ ನೋಡಿಕೊಂಡರೂ ಹೊರಗಿನಿಂದ ಗೊತ್ತಾಗುವುದಿಲ್ಲ. ನಿಮ್ಮ ಮಗನಿಗೆ ಇದುವರೆಗೆ ಎಕ್ಸ್‌ರೇ ಆಗಿಲ್ಲವಾದರೆ ತಡಮಾಡಬೇಡಿ. ಮನೆ ಭೇಟಿಗೆ ಬರುವ ಸಂಸ್ಥೆ ಇದನ್ನು ತಾನೇ ನೆನಪಿಸಬೇಕು, ಆಸ್ಪತ್ರೆಗೆ ದಾರಿಯನ್ನೂ ಮಾಡಿಕೊಡಬೇಕು. ಇನ್ನು, ಇಂತಿಷ್ಟು ತಿಂಗಳಲ್ಲಿ ಪೂರ್ತಿ ಗುಣಪಡಿಸುತ್ತೇವೆ ಎನ್ನುವವರು ಸಿಕ್ಕರೆ ಬಾಗಿಲಿನಿಂದಲೇ ಕಳಿಸಿ. ಮೆದುಳಿಗೆ ಆಗಿರುವ ಗಾಯ ಉಲ್ಬಣಿಸುವುದೂ ಇಲ್ಲ, ಅಳಿಸಿಹೋಗುವುದೂ ಇಲ್ಲ. ಬದಲಾಗಬಲ್ಲದ್ದು ಮಗು ಏನೇನು ಮಾಡಬಲ್ಲದು ಎಂಬುದು.

ಈ ಕೆಲಸದ ರೀತಿ ಆ ಸಂಸ್ಥೆ ಕಂಡುಹಿಡಿದದ್ದೇನಲ್ಲ. ಎಲ್ಲರಿಗೂ ಪ್ರಾಥಮಿಕ ಆರೋಗ್ಯ ಸೇವೆ ಸಿಗಬೇಕೆಂದ 1978ರ ಆಲ್ಮಾ ಆಟಾ ಘೋಷಣೆಯ ನಂತರ ವಿಶ್ವ ಆರೋಗ್ಯ ಸಂಸ್ಥೆ ಸಮುದಾಯ ಆಧಾರಿತ ಪುನರ್ವಸತಿಯ, ಎಂದರೆ ಜನ ಬದುಕುವ ಮನೆ, ಊರಿನಲ್ಲೇ ನೆರವು ಕೊಡುವ ಪರಿಕಲ್ಪನೆಯನ್ನು ಮುಂದಿಟ್ಟಿತು. 2010ರ ಅದರ ಮಾರ್ಗಸೂಚಿಯಲ್ಲಿ ಆರೋಗ್ಯ, ಶಿಕ್ಷಣ, ಜೀವನೋಪಾಯ, ಸಾಮಾಜಿಕ ಬದುಕು, ಸಬಲೀಕರಣ ಎಂಬ ಐದು ವಿಭಾಗಗಳಿವೆ, ಪ್ರತಿಯೊಂದರಲ್ಲೂ ಐದು ಅಂಶಗಳು. ಪುನರ್ವಸತಿ ಚಿಕಿತ್ಸೆ ಆ 25ರಲ್ಲಿ ಒಂದು. ಮುಂದಿನ ಭೇಟಿಯಲ್ಲಿ ಶಾಲೆಯ ಮಾತು ಎತ್ತಿ. ನಾಲ್ಕು ವರ್ಷ ಅದಕ್ಕೆ ಸರಿಯಾದ ಹೊತ್ತು.

ಪ್ರಶ್ನೆ: ನನ್ನ ಮಗಳಿಗೆ 24 ವರ್ಷ, ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಕಲಿಕೆ ನಿಧಾನವಾಗುವ ವರ್ಣತಂತು ವ್ಯತ್ಯಾಸ) ಇದೆ. ಸಂಸ್ಥೆಯವರು ಅವಳನ್ನು ಒಂದು ಕಚೇರಿಯ ಕೆಲಸಕ್ಕೆ ಸೇರಿಸುವ ಮಾತಾಡುತ್ತಿದ್ದಾರೆ. ಸಾಲದ್ದಕ್ಕೆ ಅವಳೊಂದಿಗೆ ಮಾತನಾಡುವಾಗ ನಮ್ಮನ್ನು ಹೊರಗೆ ಕೂರಲು ಹೇಳಿದರು. ಅವಳು ಇನ್ನೂ ಮಗುವಿನಂತೆ. ಹೆತ್ತವರನ್ನೇ ಹೊರಗಿಡುವುದು ಸರಿಯೇ?

ಉತ್ತರ: ನೋವಾಗಿದೆ, ಒಪ್ಪುತ್ತೇನೆ. ಹೊರಗೆ ಕೂರಿಸಿದ ಕಾರಣವನ್ನು ಅವರು ನಿಮಗೆ ಮೊದಲೇ ವಿವರಿಸಬೇಕಿತ್ತು. ಆದರೆ ಅವರು ಮಾಡಿದ್ದು ಸರಿ. ಅಪ್ಪ ಅಮ್ಮ ಪಕ್ಕದಲ್ಲಿದ್ದರೆ, ಕೇಳಿದ ಪ್ರಶ್ನೆಗೆ ಮಗಳು ಅವರ ಮುಖ ನೋಡುತ್ತಾಳೆ, ಉತ್ತರ ಅವರಿಂದಲೇ ಬರುತ್ತದೆ. ಇದನ್ನು ನಾನು ಮನೆಮನೆಯಲ್ಲೂ ಕಂಡಿದ್ದೇನೆ. 24 ವರ್ಷದವಳು ಮಗುವಲ್ಲ. ಕೆಲವು ವಿಷಯಗಳನ್ನು ಅರ್ಥಮಾಡಿಕೊಳ್ಳಲು ಅವಳಿಗೆ ಹೆಚ್ಚು ಸಮಯ, ಚಿಕ್ಕ ವಾಕ್ಯ, ಚಿತ್ರ ಬೇಕಾಗಬಹುದು. 2006ರ ಡಿಸೆಂಬರ್ 13ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುವುದು ಇದನ್ನೇ: ಅವರ ಪರವಾಗಿ ಬೇರೆಯವರು ತೀರ್ಮಾನಿಸುವ ಬದಲು, ತೀರ್ಮಾನಿಸಲು ಅವರಿಗೆ ನೆರವು ಕೊಡಿ. ಆ ನೆರವಿನಲ್ಲಿ ನಿಮ್ಮ ಪಾಲು ದೊಡ್ಡದು, ಏಕೆಂದರೆ ಅವಳ 24 ವರ್ಷವನ್ನು ಬಲ್ಲವರು ನೀವು.

ಕೆಲಸದ ಬಗ್ಗೆ. ವರ್ಷಗಟ್ಟಲೆ ತರಬೇತಿ ಕೇಂದ್ರದಲ್ಲಿ ಕೂರಿಸಿ, ಆಮೇಲೆ ಕೆಲಸ ಹುಡುಕುವುದು ಹಳೆಯ ಪದ್ಧತಿ. ಅನೇಕರು ಆ ಕೇಂದ್ರದಲ್ಲೇ ಉಳಿದುಬಿಡುತ್ತಿದ್ದರು. ಕೆಲಸದ ಜಾಗಕ್ಕೇ ಕರೆದೊಯ್ದು, ಒಬ್ಬ ತರಬೇತುದಾರರು ಪಕ್ಕದಲ್ಲಿದ್ದು ಕಲಿಸಿ, ಕ್ರಮೇಣ ದೂರ ಸರಿಯುವುದು 1980ರ ದಶಕದಿಂದ ಬೆಳೆದು ಬಂದ ದಾರಿ. ಸಂಸ್ಥೆಯವರು ಯಾವುದನ್ನು ಅನುಸರಿಸುತ್ತಾರೆ, ತರಬೇತುದಾರರು ಎಷ್ಟು ದಿನ ಇರುತ್ತಾರೆ, ಸಂಬಳ ಅವಳ ಹೆಸರಿನ ಖಾತೆಗೇ ಬರುತ್ತದೆಯೇ, ತೊಂದರೆಯಾದರೆ ಅವಳು ಯಾರಿಗೆ ಹೇಳಬೇಕು ಎಂಬುದನ್ನು ನೀವು ಬಿಗಿಯಾಗಿ ಕೇಳಬೇಕು. ಸಂಬಳದ ಪ್ರಶ್ನೆಗೆ ತಡವರಿಸಿದರೆ ಅದನ್ನು ಕೆಲಸವೆಂದು ನಾನು ಕರೆಯಲಾರೆ.

ನಮ್ಮ ನಂತರ ಇವಳಿಗೆ ಯಾರು ಎಂಬ ಚಿಂತೆಯೂ ನಿಮಗಿರಬಹುದು. ಅಮೆರಿಕದಲ್ಲಿ 1983ರಲ್ಲಿ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯುಷ್ಯ 25 ವರ್ಷದ ಆಸುಪಾಸಿನಲ್ಲಿತ್ತು. ಈಗ 60ರ ಹತ್ತಿರ. ಎಂದರೆ ಅವಳ ಮುಂದೆ ಇನ್ನೂ ದಶಕಗಳಿವೆ. ಅವಳಿಗೆ ಪರಿಚಯದ ಮುಖಗಳು ಈಗಿನಿಂದಲೇ ಹೆಚ್ಚಬೇಕು, ಸಹೋದ್ಯೋಗಿಗಳು ಅಂಥ ಮುಖಗಳು. ಆರೋಗ್ಯದ ಮಟ್ಟಿಗೆ ಒಂದು ಮಾತು: ಮಗಳು ಮಂಕಾದರೆ, ತೂಕ ಏರಿದರೆ, ಕರೆದರೂ ತಿರುಗದಿದ್ದರೆ 'ಇದು ಇರುವುದೇ' ಎಂದು ಬಿಡಬೇಡಿ. ಥೈರಾಯ್ಡ್ ಮತ್ತು ಶ್ರವಣ ಪರೀಕ್ಷೆ ಮಾಡಿಸಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಈ ಎರಡೂ ತೊಂದರೆ ಸಾಮಾನ್ಯ, ಎರಡಕ್ಕೂ ಪರಿಹಾರವಿದೆ.

ಪ್ರಶ್ನೆ: ಅಪ್ಪನ ನೆನಪಿಗಾಗಿ ಸಂಸ್ಥೆಯೊಂದಕ್ಕೆ ಹತ್ತು ಗಾಲಿಕುರ್ಚಿ ಕೊಡಬೇಕೆಂದಿದ್ದೇನೆ. ಯಾವ ಕಂಪನಿಯದು ಒಳ್ಳೆಯದು?

ಉತ್ತರ: ಕಂಪನಿ ಆಮೇಲೆ, ಮೊದಲು ಅಳತೆ. ಒಂದೇ ಅಳತೆಯ ಹತ್ತು ಗಾಲಿಕುರ್ಚಿ ಎಂದರೆ ಮನೆಮಂದಿಗೆಲ್ಲ ಒಂದೇ ಅಳತೆಯ ಚಪ್ಪಲಿ ತಂದಂತೆ. ಸೀಟು ಅಗಲವಾದರೆ ದೇಹ ಒಂದು ಬದಿಗೆ ವಾಲುತ್ತದೆ, ಕಾಲಿಡುವ ಹಲಗೆ ತೀರಾ ಎತ್ತರದಲ್ಲಿದ್ದರೆ ಭಾರವೆಲ್ಲ ಪೃಷ್ಠದ ಮೇಲೆ ಬೀಳುತ್ತದೆ. ಬೆನ್ನುಹುರಿಗೆ ಪೆಟ್ಟಾಗಿ ಸ್ಪರ್ಶಜ್ಞಾನ ಇಲ್ಲದವರಿಗೆ ನೋವು ತಿಳಿಯದೆಯೇ ಒತ್ತುಹುಣ್ಣು ಆಗುತ್ತದೆ, ಅದು ಮೂಳೆಯವರೆಗೂ ಇಳಿದು ಪ್ರಾಣಕ್ಕೇ ಎರವಾಗಬಹುದು. ಅವರಿಗೆ ಒತ್ತಡ ತಗ್ಗಿಸುವ ದಿಂಬು ಕುರ್ಚಿಯಷ್ಟೇ ಮುಖ್ಯ.

ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿ ಗಾಲಿಕುರ್ಚಿ ಸೇವೆಯನ್ನು ಎಂಟು ಹಂತಗಳಲ್ಲಿ ಹೇಳುತ್ತದೆ. ವ್ಯಕ್ತಿಯನ್ನು ಪರೀಕ್ಷಿಸುವುದು, ಕುರ್ಚಿ ಹೊಂದಿಸುವುದು, ಬಳಸಲು ಕಲಿಸುವುದು, ಆಮೇಲೆ ರಿಪೇರಿ ಎಲ್ಲವೂ ಅದರಲ್ಲಿವೆ. ಸಮಾರಂಭದಲ್ಲಿ ಫೋಟೊ ತೆಗೆಸಿಕೊಳ್ಳುವುದು ಆ ಎಂಟರಲ್ಲಿ ಇಲ್ಲ. ಅದೇ ಹಣದಲ್ಲಿ ಐದಾರು ಜನರಿಗೆ ಅಳತೆ ಮಾಡಿದ ಕುರ್ಚಿ, ದಿಂಬು ಮತ್ತು ಮುಂದಿನ ಎರಡು ವರ್ಷದ ಟಯರ್, ಟ್ಯೂಬ್, ಬೇರಿಂಗ್ ಖರ್ಚು ಕೊಡಿ. ಹಣ ಕೊಡುವ ಮೊದಲು, ಚಕ್ರ ಪಂಕ್ಚರ್ ಆದರೆ ಯಾರು ಬರುತ್ತಾರೆ ಎಂದು ಆ ಸಂಸ್ಥೆಯನ್ನು ಕೇಳಿ. ಹೆಸರು ಹೇಳಿ ಉತ್ತರಿಸಿದರೆ ಧೈರ್ಯವಾಗಿ ಕೊಡಬಹುದು.