ಕಂಪ್ಯೂಟರ್ ಇತಿಹಾಸದ ಮೂಲ ದಾಖಲೆಗಳು ಆನ್‌ಲೈನ್‌ನಲ್ಲಿ ಎಲ್ಲಿ ಸಿಗುತ್ತವೆ? ಎಲ್ಲಿಂದ ಓದಲು ಶುರು ಮಾಡಬೇಕು?

ಬಿಸಿಎ ಮುಗಿಸಿದ್ದೀರಿ, ಕಂಪ್ಯೂಟರಿನ ಇತಿಹಾಸವನ್ನು ಗಂಭೀರವಾಗಿ ಓದುವ ಆಸೆಯಿದೆ, ಆದರೆ ಹುಡುಕಿದಲ್ಲೆಲ್ಲ ಅಬ್ಯಾಕಸ್, ಬ್ಯಾಬೇಜ್, 'ಐದು ಪೀಳಿಗೆಗಳು' ಎಂಬ ಅದೇ ಪರೀಕ್ಷೆಯ ನೋಟ್ಸ್ ಸಿಗುತ್ತಿದೆ ಎಂದು ಬರೆದಿದ್ದೀರಿ. ಮೂಲ ದಾಖಲೆಗಳು ಬೇಕಾದಷ್ಟಿವೆ, ಬಹುಪಾಲು ಪುಕ್ಕಟೆಯಾಗಿಯೇ ಇವೆ. ಬರೀ ತಾಣಗಳ ಪಟ್ಟಿ ಕೊಟ್ಟರೆ ನಿಮಗೆ ಹೆಚ್ಚು ಉಪಯೋಗವಾಗದು. ಅಷ್ಟು ದೊಡ್ಡ ರಾಶಿಯ ಮುಂದೆ ನಿಂತರೆ ಯಾವುದನ್ನು ಮೊದಲು ತೆರೆಯಬೇಕು ಎಂದೇ ತೋಚುವುದಿಲ್ಲ. ಒಂದು ಯಂತ್ರವನ್ನೋ ಒಂದು ತಂತ್ರಾಂಶವನ್ನೋ ಆರಿಸಿಕೊಂಡು, ಅದರ ಜಾಡು ಹಿಡಿದು ಒಂದು ಭಂಡಾರದಿಂದ ಇನ್ನೊಂದಕ್ಕೆ ಹೋಗಿ. ನಾನು ಹಾಗೆ ಹಿಡಿದದ್ದು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನ ಜಾಡನ್ನು, ಆದ್ದರಿಂದ ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ನೋಟ್ಸ್‌ನಲ್ಲಿ ಯುನಿಕ್ಸ್ ಬಗ್ಗೆ ಎರಡು ಸಾಲು ಇರುತ್ತದೆ: 1969ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಬರೆದರು, ಆಮೇಲೆ ಸಿ ಭಾಷೆಗೆ ಬದಲಾಯಿಸಿದರು. ತಪ್ಪಲ್ಲ. ಆದರೆ ಯಾವ ಯಂತ್ರದ ಮೇಲೆ, ಯಾರ ದುಡ್ಡಿನಲ್ಲಿ, ಎಷ್ಟು ಮೆಮೊರಿಯಲ್ಲಿ ಎಂದು ಕೇಳಿದ ಕೂಡಲೇ ವಿಷಯ ಬಿಚ್ಚಿಕೊಳ್ಳುತ್ತದೆ. ಶುರುವಾದದ್ದು ಆಗಲೇ ಹಳತಾಗಿದ್ದ ಪಿಡಿಪಿ-7 ಎಂಬ ಯಂತ್ರದ ಮೇಲೆ. 1970ರಲ್ಲಿ ಪಿಡಿಪಿ-11 ಕೊಳ್ಳಲು ಮಂಜೂರಾತಿ ಸಿಕ್ಕಿದ್ದು ಆಪರೇಟಿಂಗ್ ಸಿಸ್ಟಮ್ ಬರೆಯುತ್ತೇವೆ ಎಂದು ಹೇಳಿದ್ದರಿಂದಲ್ಲ, ದಾಖಲೆಗಳನ್ನು ಟೈಪ್ ಮಾಡಿ ಜೋಡಿಸುವ ವ್ಯವಸ್ಥೆ ಮಾಡಿಕೊಡುತ್ತೇವೆ ಎಂದದ್ದರಿಂದ. ಸಂಸ್ಥೆಯ ಪೇಟೆಂಟ್ ವಿಭಾಗವೇ ಅದರ ಮೊದಲ ಬಳಕೆದಾರ. ಆ ಯಂತ್ರಕ್ಕಿದ್ದದ್ದು 24 ಕಿಲೋಬೈಟ್ ಮೆಮೊರಿ, ಅರ್ಧ ಮೆಗಾಬೈಟ್ ಡಿಸ್ಕ್. ಇವೆಲ್ಲ ರಿಚಿಯವರೇ ಬರೆದ ಲೇಖನಗಳಲ್ಲಿವೆ. ಬೆಲ್ ಲ್ಯಾಬ್ಸ್‌ನಲ್ಲಿದ್ದ ಅವರ ವೈಯಕ್ತಿಕ ಪುಟವನ್ನು, ಅವರು 2011ರಲ್ಲಿ ತೀರಿಕೊಂಡ ಮೇಲೂ, ಹಾಗೇ ಉಳಿಸಿದ್ದಾರೆ. ಮೊದಲು ಓದಬೇಕಾದದ್ದು ಅದು.

ಅದರ ನಂತರ ಬಿಟ್‌ಸೇವರ್ಸ್‌ಗೆ ಹೋಗಿ. ಅಲ್ ಕಾಸೊ ಎಂಬವರು ಹಲವು ವರ್ಷಗಳಿಂದ ಕಟ್ಟುತ್ತಾ ಬಂದಿರುವ ಭಂಡಾರ ಇದು. ಡಿಇಸಿ (ಪಿಡಿಪಿ ಯಂತ್ರಗಳನ್ನು ಮಾಡಿದ ಕಂಪನಿ), ಐಬಿಎಂ, ಜೆರಾಕ್ಸ್, ಬರೋಸ್ ಹೀಗೆ ಕಂಪನಿಗೊಂದು ಫೋಲ್ಡರ್, ಒಳಗೆ ಕೈಪಿಡಿಗಳ, ಸರ್ಕ್ಯೂಟ್ ನಕ್ಷೆಗಳ, ಬೆಲೆಪಟ್ಟಿಗಳ ಸ್ಕ್ಯಾನ್. ತಾಲ್ಲೂಕು ಕಚೇರಿಯ ಹಳೇ ರೆಕಾರ್ಡ್ ರೂಮಿನ ಹಾಗೆ: ವಿವರಣೆ ಕೊಡುವವರು ಯಾರೂ ಇಲ್ಲ, ಆದರೆ ಕಟ್ಟು ಬಿಚ್ಚಿದರೆ ಎಲ್ಲವೂ ಅಲ್ಲಿದೆ. ಪಿಡಿಪಿ-11ರ ಕೈಪಿಡಿ ತೆರೆದು ಅದರ ಸೂಚನೆಗಳ ಪಟ್ಟಿಯನ್ನು ನಿಧಾನವಾಗಿ ನೋಡಿ. ಆಗ ಬಳಕೆಯಲ್ಲಿದ್ದ ಮಾಡೆಲ್ 33 ಟೆಲಿಟೈಪ್‌ನ ಕೈಪಿಡಿಯನ್ನೂ ನೋಡಿ. ಸೆಕೆಂಡಿಗೆ ಹತ್ತೇ ಅಕ್ಷರ ಕಾಗದದ ಮೇಲೆ ಕುಟ್ಟುತ್ತಿದ್ದ ಯಂತ್ರ ಅದು. ಯುನಿಕ್ಸ್‌ನ ಹಲವು ಆಜ್ಞೆಗಳು ಏಕೆ ಎರಡೆರಡು ಅಕ್ಷರದವು, ಕೆಲಸ ಸರಿಯಾಗಿ ಆದರೆ ಅವು ಏಕೆ ಏನೂ ಹೇಳದೆ ಸುಮ್ಮನಿರುತ್ತವೆ ಎಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಮೂರನೆಯದು ಯುನಿಕ್ಸ್ ಹೆರಿಟೇಜ್ ಸೊಸೈಟಿ. ಆಸ್ಟ್ರೇಲಿಯಾದ ವಾರನ್ ಟೂಮಿ ಶುರು ಮಾಡಿದ ಈ ಬಳಗದ ಕೆಲಸದ ಬಗ್ಗೆ ಎಷ್ಟು ಹೇಳಿದರೂ ನನಗೆ ಸಾಲದು. ಯುನಿಕ್ಸ್‌ನ ಹಳೆಯ ಆವೃತ್ತಿಗಳ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಒಂದೊಂದಾಗಿ ಕೂಡಿಹಾಕಿ, ಯಾರು ಬೇಕಾದರೂ ಓದುವಂತೆ ಇಟ್ಟಿದ್ದಾರೆ. 2002ರಲ್ಲಿ ಕ್ಯಾಲ್ಡೆರಾ ಕಂಪನಿ ಆ ಹಳೆಯ ಆವೃತ್ತಿಗಳಿಗೆ ಮುಕ್ತ ಪರವಾನಗಿ ಕೊಟ್ಟ ಮೇಲೆ ಕಾನೂನಿನ ಅಡ್ಡಿಯೂ ಇಲ್ಲವಾಯಿತು. ಮೊದಲ ಆವೃತ್ತಿಯ ಕಥೆ ಕೇಳಿ. 1971ರ ನವೆಂಬರ್ 3ರ ತಾರೀಖಿನ ಕೈಪಿಡಿ ಉಳಿದಿತ್ತು, ಸಂಕೇತ ಮಾತ್ರ ಕಳೆದುಹೋಯಿತು ಎಂದೇ ಎಲ್ಲರೂ ಅಂದುಕೊಂಡಿದ್ದರು. ಆಮೇಲೆ 1972ರ ಒಂದು ಆಂತರಿಕ ವರದಿಯ ಸ್ಕ್ಯಾನ್ ಸಿಕ್ಕಿತು, ಅದರಲ್ಲಿ ಕರ್ನಲ್ಲಿನ, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ, ಅಸೆಂಬ್ಲಿ ಸಂಕೇತ ಕಾಗದದ ಮೇಲೆ ಅಚ್ಚಾಗಿತ್ತು. ಸ್ವಯಂಸೇವಕರು ಪುಟ ಪುಟವನ್ನೂ ಅಕ್ಷರಕ್ಕಿಳಿಸಿ, ಮಾಸಿದ ಕಡೆ ತಿದ್ದಿ, 2008ರಲ್ಲಿ ಅದನ್ನು ಮತ್ತೆ ಓಡಿಸಿದರು. ಪಿಡಿಪಿ-7ರ ಇನ್ನೂ ಹಳೆಯ ಸಂಕೇತವೂ ಹೀಗೆಯೇ ಕಾಗದದಿಂದಲೇ 2016ರಲ್ಲಿ ಎದ್ದು ಬಂತು.

ಇದು ಮುಗಿದ ಕೆಲಸವೇನೂ ಅಲ್ಲ. ಕರ್ನಲ್ ಸಿ ಭಾಷೆಗೆ ಬಂದದ್ದು 1973ರ ನಾಲ್ಕನೇ ಆವೃತ್ತಿಯಲ್ಲಿ. ಇಷ್ಟು ಮುಖ್ಯವಾದ ಆವೃತ್ತಿಯ ಪೂರ್ಣ ಪ್ರತಿ ಎಲ್ಲೂ ಇರಲಿಲ್ಲ. 2025ರಲ್ಲಿ ಯೂಟಾ ವಿಶ್ವವಿದ್ಯಾಲಯದಲ್ಲಿ ಸಾಮಾನು ಖಾಲಿ ಮಾಡುವಾಗ ಒಂದು ಟೇಪ್ ಸಿಕ್ಕಿತು, ಅದನ್ನು ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್‌ಗೆ ಒಯ್ದು ಆ ವರ್ಷದ ಡಿಸೆಂಬರಿನಲ್ಲಿ ಓದಿದರು. ಓದಿಸಿದ್ದು ಅದೇ ಅಲ್ ಕಾಸೊ. ಐವತ್ತು ವರ್ಷ ಮೂಲೆಯಲ್ಲಿದ್ದ ಟೇಪು! ನಿಮ್ಮ ಕಾಲದಲ್ಲೂ ಹೊಸದಾಗಿ ಸಿಗುವಂಥದ್ದು ಇದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇದೇ ಬಳಗದಲ್ಲಿ ನಡೆದ ಇನ್ನೊಂದು ಪ್ರಸಂಗ: ಬರ್ಕ್ಲಿ ವಿಶ್ವವಿದ್ಯಾಲಯದ ಯುನಿಕ್ಸ್ ಆದ ಬಿಎಸ್‌ಡಿಯ ಹಳೆಯ ಸಂಕೇತದ ನಡುವೆ ಆ ಕಾಲದ ಪಾಸ್‌ವರ್ಡ್ ಕಡತವೂ ಉಳಿದುಬಿಟ್ಟಿತ್ತು. ಹಲವರ ಪಾಸ್‌ವರ್ಡ್ ಬೇಗ ಬಿಡಿಸಿದರು, ಥಾಂಪ್ಸನ್‌ರದ್ದು ಮಾತ್ರ ವರ್ಷಗಟ್ಟಲೆ ಬಗ್ಗಲಿಲ್ಲ. 2019ರಲ್ಲಿ ಕೊನೆಗೂ ಬಿಡಿಸಿದಾಗ ಹೊರಬಂದದ್ದು ಚದುರಂಗದ ಒಂದು ನಡೆ, ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನಡೆಸುವುದು. ಚದುರಂಗ ಆಡುವ ಯಂತ್ರ ಕಟ್ಟಿದ ಮನುಷ್ಯ ಅವರು. ಬಿಡಿಸಿದವರಿಗೆ ಅವರೇ ಅಭಿನಂದನೆ ಹೇಳಿದರು.

ಓದಿದರಷ್ಟೇ ಸಾಲದು, ಓಡಿಸಿ ನೋಡಿ. ಡಿಇಸಿಯಲ್ಲೇ ಹಿರಿಯ ಹುದ್ದೆಯಲ್ಲಿದ್ದ ಬಾಬ್ ಸುಪ್ನಿಕ್ ಕಟ್ಟಿದ ಸಿಮ್‌ಎಚ್ ಎಂಬ ಎಮ್ಯುಲೇಟರ್ ನಿಮ್ಮ ಸಾಧಾರಣ ಲ್ಯಾಪ್‌ಟಾಪಿನೊಳಗೇ ಒಂದು ಪಿಡಿಪಿ-11 ಎಬ್ಬಿಸುತ್ತದೆ. ಅದರಲ್ಲಿ 1975ರ ಆರನೇ ಆವೃತ್ತಿಯನ್ನು ಹಾಕಿ. ಫೋಲ್ಡರ್ ಬದಲಿಸಲು 'ಸಿಡಿ' ಎಂದರೆ ಅದಕ್ಕೆ ಅರ್ಥವಾಗುವುದಿಲ್ಲ. ಸಿ-ಎಚ್-ಡಿ-ಐ-ಆರ್ ಎಂದು ಪೂರ್ತಿ ಬರೆಯಬೇಕು. ಒಂದಕ್ಷರ ತಪ್ಪಾದರೆ ಅಳಿಸಲು ಹ್ಯಾಶ್ ಚಿಹ್ನೆ ಒತ್ತಬೇಕು, ಇಡೀ ಸಾಲು ಬೇಡವೆಂದರೆ ಅಟ್ ಚಿಹ್ನೆ. ಕಾಗದದ ಮೇಲೆ ಮುದ್ರಿಸಿದ ಅಕ್ಷರವನ್ನು ಅಳಿಸಲಾಗುವುದಿಲ್ಲವಲ್ಲ, ಅದಕ್ಕೆ. ಜೊತೆಗೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಾನ್ ಲಯನ್ಸ್ ತಮ್ಮ ವಿದ್ಯಾರ್ಥಿಗಳಿಗಾಗಿ 1976ರಲ್ಲಿ ಈ ಆವೃತ್ತಿಯ ಕರ್ನಲ್ಲಿಗೆ ಬರೆದ ವ್ಯಾಖ್ಯಾನವನ್ನು ಹುಡುಕಿಕೊಳ್ಳಿ. ಪರವಾನಗಿಯ ತೊಡಕಿನಿಂದ ಅದು ಇಪ್ಪತ್ತು ವರ್ಷ ಫೋಟೋಕಾಪಿಯ ಫೋಟೋಕಾಪಿಯಾಗಿ ಕೈಯಿಂದ ಕೈಗೆ ಹೋಯಿತು, 1996ರಲ್ಲಷ್ಟೇ ಪುಸ್ತಕವಾಯಿತು. ಇಡೀ ಕರ್ನಲ್ ಸುಮಾರು ಒಂಬತ್ತು ಸಾವಿರ ಸಾಲು. ಒಬ್ಬ ಮನುಷ್ಯ ಒಂದು ಬೇಸಿಗೆಯಲ್ಲಿ ಕೂತು ಓದಿ ಮುಗಿಸಬಹುದಾದ ಆಪರೇಟಿಂಗ್ ಸಿಸ್ಟಮ್ ಅದು.

ಈಗ ಮೌಖಿಕ ಇತಿಹಾಸ. ಮಿನ್ನೆಸೋಟ ವಿಶ್ವವಿದ್ಯಾಲಯದ ಚಾರ್ಲ್ಸ್ ಬ್ಯಾಬೇಜ್ ಇನ್‌ಸ್ಟಿಟ್ಯೂಟ್ ನೂರಾರು ಸಂದರ್ಶನಗಳ ಬರಹರೂಪವನ್ನು ಉಚಿತವಾಗಿ ಇಟ್ಟಿದೆ. ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್‌ನಲ್ಲೂ ಅಷ್ಟೇ ದೊಡ್ಡ ಸಂಗ್ರಹವಿದೆ, ಹಲವು ವಿಡಿಯೊ ಸಮೇತ. ಯುನಿಕ್ಸ್‌ನವರ ಮಾತು ಬೇಕೆಂದರೆ ಪ್ರಿನ್ಸ್‌ಟನ್‌ನ ಇತಿಹಾಸಕಾರ ಮೈಕೆಲ್ ಮಹೋನಿ 1989ರಲ್ಲಿ ಮಾಡಿದ ಸಂದರ್ಶನಗಳಿವೆ. ಓದಲು ತುಂಬ ಸೊಗಸು. ಆದರೆ ನೆನಪನ್ನು ತಾರೀಖಿರುವ ಕಾಗದದ ಪಕ್ಕದಲ್ಲಿಟ್ಟೇ ಓದಬೇಕು. ಒಂದು ಆಜ್ಞೆಯ ಫಲಿತಾಂಶವನ್ನು ಇನ್ನೊಂದಕ್ಕೆ ಹರಿಸುವ 'ಪೈಪ್' ಇದೆಯಲ್ಲ, ಅದನ್ನು ಥಾಂಪ್ಸನ್ ಒಂದೇ ರಾತ್ರಿಯಲ್ಲಿ ಬರೆದರು ಎಂದು ಬೆಲ್ ಲ್ಯಾಬ್ಸ್‌ನಲ್ಲಿ ಅವರ ಜೊತೆಗಿದ್ದ ಡಗ್ ಮೆಕಿಲ್‌ರಾಯ್ ನೆನಪಿಸಿಕೊಳ್ಳುತ್ತಾರೆ. ರಿಚಿಯವರ ಪುಟದಲ್ಲಿ ಮೆಕಿಲ್‌ರಾಯ್ ಅವರದೇ ಒಂದು ಟಿಪ್ಪಣಿಯ ಸ್ಕ್ಯಾನ್ ಇದೆ, 1964ರ ಅಕ್ಟೋಬರ್ 11ರದ್ದು. ಪ್ರೋಗ್ರಾಮುಗಳನ್ನು ತೋಟದ ನೀರಿನ ಪೈಪಿನ ತುಂಡುಗಳಂತೆ ಒಂದಕ್ಕೊಂದು ಜೋಡಿಸುವ ದಾರಿ ಬೇಕು ಎಂದು ಅದರಲ್ಲಿ ಆಗಲೇ ಕೇಳಿದ್ದಾರೆ. ಆ ಸೌಲಭ್ಯ ಕೈಪಿಡಿಯಲ್ಲಿ ಕಾಣುವುದು 1973ರ ಫೆಬ್ರವರಿಯ ಮೂರನೇ ಆವೃತ್ತಿಯಲ್ಲಿ. ಒಂದು ರಾತ್ರಿಯ ಹಿಂದೆ ಎಂಟು ವರ್ಷಗಳ ಒತ್ತಾಯ ಇತ್ತು. ಮೂರೂ ದಾಖಲೆಗಳು ಆನ್‌ಲೈನ್‌ನಲ್ಲೇ ಇವೆ, ಮೂರನ್ನೂ ಪಕ್ಕಪಕ್ಕ ಇಟ್ಟರಷ್ಟೇ ಇದು ಕಾಣುವುದು. ಇತಿಹಾಸ ಓದುವುದು ಎಂದರೆ ನನಗೆ ಈ ಕೆಲಸವೇ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಇಂಟರ್ನೆಟ್ ಆರ್ಕೈವ್‌ನಲ್ಲಿ 'ಬೈಟ್' ಮುಂತಾದ ಹಳೆಯ ಪತ್ರಿಕೆಗಳ ಸಂಚಿಕೆಗಳಿವೆ, ಲೇಖನಗಳಿಗಿಂತ ಜಾಹೀರಾತುಗಳನ್ನು ಗಮನಿಸಿ: ಯಾವ ವರ್ಷ ಎಷ್ಟು ಮೆಮೊರಿಗೆ ಎಷ್ಟು ಬೆಲೆ ಎಂಬುದು ಅಲ್ಲಿ ಸಿಕ್ಕಷ್ಟು ನಿಖರವಾಗಿ ಬೇರೆಲ್ಲೂ ಸಿಗದು. ಡಾಸ್ ಕಾಲದ ತಂತ್ರಾಂಶಗಳು ಅಲ್ಲಿ ಬ್ರೌಸರಿನೊಳಗೇ ಓಡುತ್ತವೆ. ಇಂಟರ್ನೆಟ್ಟಿನ ಹುಟ್ಟು ಬೇಕಾದರೆ 1969ರ ಏಪ್ರಿಲ್ 7ರಂದು ಸ್ಟೀವ್ ಕ್ರಾಕರ್ ಬರೆದ ಮೊದಲ ಆರ್‌ಎಫ್‌ಸಿಯಿಂದ (ಜಾಲದ ನಿಯಮಗಳನ್ನು ಚರ್ಚಿಸುವ ಟಿಪ್ಪಣಿಗಳಿಗೆ ಆ ಹೆಸರು) ಇಂದಿನವರೆಗೆ ಇಡೀ ಸರಣಿ ಉಚಿತ. ಫೋಟೋಶಾಪ್‌ನ ಮೊದಲ ಆವೃತ್ತಿಯ, ಎಂಎಸ್-ಡಾಸ್‌ನ ಮೂಲ ಸಂಕೇತ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್‌ನ ತಾಣದಲ್ಲಿದೆ. 1979ರಿಂದ ಬರುತ್ತಿರುವ ಐಇಇಇಯ 'ಆನಲ್ಸ್' ಪತ್ರಿಕೆ ಈ ಕ್ಷೇತ್ರದ ಮುಖ್ಯ ವಿದ್ವತ್ ಪತ್ರಿಕೆ, ಬಹುಪಾಲು ಚಂದಾದಾರರಿಗೆ ಮಾತ್ರ. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಗ್ರಂಥಾಲಯದಲ್ಲಿ ವಿಚಾರಿಸಿ.

ಒಂದು ಎಚ್ಚರಿಕೆ: ಬೇಕೆನಿಸಿದ್ದನ್ನು ಇಳಿಸಿಟ್ಟುಕೊಳ್ಳಿ. ಸಿಯಾಟಲ್‌ನ ಲಿವಿಂಗ್ ಕಂಪ್ಯೂಟರ್ಸ್ ಮ್ಯೂಸಿಯಮ್‌ನಲ್ಲಿ 2019ರಲ್ಲಿ ನಿಜವಾದ ಪಿಡಿಪಿ-7ರ ಮೇಲೆ ಯುನಿಕ್ಸ್ ಓಡಿಸಿದ್ದರು. ಮರುವರ್ಷ ಮ್ಯೂಸಿಯಮ್ ಬಾಗಿಲು ಹಾಕಿತು, ಮತ್ತೆ ತೆರೆಯಲಿಲ್ಲ. 2024ರಲ್ಲಿ ಅಲ್ಲಿನ ಹಲವು ವಸ್ತುಗಳು ಹರಾಜಾದವು. ಸ್ಥಾಪಕ ಪಾಲ್ ಆಲೆನ್ 2018ರಲ್ಲೇ ತೀರಿಕೊಂಡಿದ್ದರು. ಬಿಟ್‌ಸೇವರ್ಸ್‌ಗೆ ಜಗತ್ತಿನ ಹಲವೆಡೆ ಪ್ರತಿಗಳಿರುವುದು ಇಂಥ ಭಯದಿಂದಲೇ.

ನಮ್ಮ ದೇಶದ ಕಥೆಗೂ ಬರೋಣ, ನೀವು ಕೇಳಿಲ್ಲ, ಆದರೂ. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕಟ್ಟಿದ ಟಿಫ್ರಾಕ್ ಎಂಬ ಕಂಪ್ಯೂಟರ್ 1960ರಲ್ಲಿ ಕೆಲಸ ಶುರು ಮಾಡಿತು, 1962ರಲ್ಲಿ ನೆಹರೂ ಅದಕ್ಕೆ ಹೆಸರಿಟ್ಟರು. 40 ಬಿಟ್‌ನ 2048 ಪದಗಳ ಮೆಮೊರಿ. ಅದನ್ನು ಕಟ್ಟಿದ ತಂಡದಲ್ಲಿದ್ದ ಪಿ.ವಿ.ಎಸ್. ರಾವ್ 2008ರಲ್ಲಿ ಬರೆದ ಲೇಖನ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಹೊರತರುವ 'ರೆಸೊನೆನ್ಸ್' ಪತ್ರಿಕೆಯಲ್ಲಿದೆ, ಉಚಿತ. 1978ರಲ್ಲಿ ಐಬಿಎಂ ದೇಶ ಬಿಟ್ಟದ್ದರ ಹಿಂದುಮುಂದು ತಿಳಿಯಲು ಸಂಸತ್ತಿನ ಡಿಜಿಟಲ್ ಲೈಬ್ರರಿಯಲ್ಲಿ ಆ ವರ್ಷಗಳ ಚರ್ಚೆಗಳನ್ನು ನೋಡಿ. ಇನ್ಫೋಸಿಸ್‌ನ ಕ್ರಿಸ್ ಗೋಪಾಲಕೃಷ್ಣನ್ 2016ರಲ್ಲಿ ಶುರು ಮಾಡಿದ 'ಇತಿಹಾಸ' ಭಾರತದ ಐಟಿ ಉದ್ಯಮದ ಹಿರಿಯರ ಸಂದರ್ಶನಗಳನ್ನು ಕೂಡಿಸಿದೆ. ಒಳ್ಳೆಯ ಕೆಲಸ. ಆದರೆ ಕಂಪನಿ ಕಟ್ಟಿದವರ ಮಾತು ಸಿಕ್ಕಷ್ಟು ಸುಲಭವಾಗಿ ಪಂಚ್ ಕಾರ್ಡ್ ಕೊರೆದವರ, ಡೇಟಾ ಎಂಟ್ರಿಯವರ, ಯಂತ್ರ ರಿಪೇರಿ ಮಾಡಿದವರ ಮಾತು ಎಲ್ಲೂ ಸಿಗುವುದಿಲ್ಲ.

ಕನ್ನಡದ ವಿಷಯದಲ್ಲಿ ಈ ಕೊರತೆ ನನ್ನನ್ನು ಹೆಚ್ಚು ಕಾಡುತ್ತದೆ. ಒಂದು ತುದಿಯಲ್ಲಿ ಎಲ್ಲ ಅಚ್ಚುಕಟ್ಟು: ಎಲ್ಲ ಲಿಪಿಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್‌ನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇದೆ, 2021ರಲ್ಲಿ ನಕಾರ ಪೊಲ್ಲು ಎಂಬ ಹಳೆಯ ಅಕ್ಷರ ಸೇರಿದ್ದರವರೆಗೆ ಪ್ರಸ್ತಾವಗಳು, ಆಕ್ಷೇಪಗಳು ಯೂನಿಕೋಡ್ ಒಕ್ಕೂಟದ ದಾಖಲೆ ಪಟ್ಟಿಯಲ್ಲಿ ಯಾರು ಬೇಕಾದರೂ ಓದುವಂತಿವೆ. ಇನ್ನೊಂದು ತುದಿಯಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ, 1998ರ 'ಬರಹ' ತಂತ್ರಾಂಶ, ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ, ಇವುಗಳ ಹಳೆಯ ಆವೃತ್ತಿಗಳೂ ಕೈಪಿಡಿಗಳೂ ಚದುರಿಹೋಗಿವೆ. ಆ ಕಾಲದ ಕನ್ನಡ ಜಾಲತಾಣಗಳು ಯೂನಿಕೋಡ್ ಬಳಸುತ್ತಿರಲಿಲ್ಲ. ಹಳೆಯ ಜಾಲಪುಟಗಳನ್ನು ಉಳಿಸಿಡುವ ವೇಬ್ಯಾಕ್ ಮಶೀನ್‌ನಲ್ಲಿ ಅವುಗಳ ಪುಟ ತೆರೆದರೆ, ಆ ಫಾಂಟ್ ಇಲ್ಲದಿದ್ದರೆ, ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಪುಟ ಉಳಿದಿದೆ, ಓದುವ ಸಾಧನ ಕೈಯಲ್ಲಿಲ್ಲ.

ಹಾಗಾಗಿ ನನ್ನ ಸಲಹೆ ಹೀಗೆ: ಮೊದಲ ಕೆಲವು ತಿಂಗಳು ಯುನಿಕ್ಸ್ ಜಾಡಿನಲ್ಲೇ ಕಳೆಯಿರಿ, ದಾಖಲೆ ಓದುವುದು ಹೇಗೆಂದು ಅಲ್ಲಿ ಕೈ ಪಳಗುತ್ತದೆ. ಆಮೇಲೆ ನಿಮ್ಮ ಊರಿನ ಹಳೆಯ ಡಿಟಿಪಿ ಅಂಗಡಿಗೆ ಹೋಗಿ, ತೊಂಬತ್ತರ ದಶಕದಲ್ಲಿ ಯಾವ ತಂತ್ರಾಂಶದಲ್ಲಿ ಲಗ್ನಪತ್ರಿಕೆ ಜೋಡಿಸುತ್ತಿದ್ದಿರಿ ಎಂದು ಕೇಳಿ, ಒಪ್ಪಿದರೆ ಮಾತು ರೆಕಾರ್ಡ್ ಮಾಡಿ, ತಾರೀಖು ಬರೆದಿಡಿ. ಫ್ಲಾಪಿ, ಸಿಡಿ, ಫಾಂಟ್ ಕಡತ ಏನು ಸಿಕ್ಕಿದರೂ ಪ್ರತಿ ತೆಗೆದುಕೊಳ್ಳಿ. ಮುಕ್ತವಾಗಿ ಹಂಚಬಹುದಾದದ್ದನ್ನು ಇಂಟರ್ನೆಟ್ ಆರ್ಕೈವ್‌ಗೆ ಏರಿಸಲು ಒಂದು ಖಾತೆ ಸಾಕು, ದುಡ್ಡು ಬೇಕಿಲ್ಲ. ಏರಿಸುವಾಗ ವಿವರವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ, ಹುಡುಕುವವರಿಗೆ ಸಿಗಲಿ. ಸಿಮ್‌ಎಚ್ ಹಾಕಿಕೊಳ್ಳುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಇಲ್ಲೇ ಕೆಳಗೆ ಬರೆಯಿರಿ, ನೋಡಿ ಹೇಳುತ್ತೇನೆ.