ಹೆಂಡತಿಗೆ ಓಸಿಮರ್ಟಿನಿಬ್ ಗುಳಿಗೆ ಶುರುವಾಗುತ್ತಿದೆ, ಮನೆಯಲ್ಲಿ ನಾನು ಏನೇನು ನೋಡಿಕೊಳ್ಳಬೇಕು?

ನೀವು ಬರೆದಿರುವುದು ಇಷ್ಟು: ಹೆಂಡತಿಗೆ 54 ವರ್ಷ, ಬೀಡಿ ಸಿಗರೇಟು ಮುಟ್ಟಿದವರಲ್ಲ, ಶ್ವಾಸಕೋಶದ ಕ್ಯಾನ್ಸರ್ ನಾಲ್ಕನೇ ಹಂತ, ಇಜಿಎಫ್‌ಆರ್ ಪಾಸಿಟಿವ್ (ಜೀವಕೋಶಕ್ಕೆ ಬೆಳೆಯುವ ಸೂಚನೆ ಕೊಡುವ ಇಜಿಎಫ್‌ಆರ್ ಎಂಬ ಗ್ರಾಹಕದ ಜೀನಿನಲ್ಲಿ ಬದಲಾವಣೆ ಇದೆ ಎಂದರ್ಥ, ಓಸಿಮರ್ಟಿನಿಬ್ ಆ ಗ್ರಾಹಕವನ್ನು ತಡೆಯುವ ಗುಳಿಗೆ). ಬರುವ ವಾರದಿಂದ ಓಸಿಮರ್ಟಿನಿಬ್ 80 ಮಿ.ಗ್ರಾಂ, ದಿನಕ್ಕೊಂದು. ಊರು ದಾವಣಗೆರೆ, ಆಸ್ಪತ್ರೆ ಬೆಂಗಳೂರು. ಕಿಮೋ ಅಲ್ಲವಲ್ಲ, ಬರೀ ಗುಳಿಗೆ, ನಾನು ಮಾಡುವಂಥದ್ದು ಏನಾದರೂ ಇದೆಯೇ ಎಂದು ಕೇಳಿದ್ದೀರಿ.

ನಾನು ಕ್ಯಾನ್ಸರ್ ಔಷಧಿಗಳ ಕೆಲಸದಲ್ಲಿರುವ ಫಾರ್ಮಸಿಸ್ಟ್. ನೀವು ಮಾಡುವುದು ಬಹಳ ಇದೆ. ಡ್ರಿಪ್‌ನಲ್ಲಿ ಕೊಡುವ ಔಷಧಿಯಾದರೆ ಪ್ರತಿ ಸಲವೂ ನರ್ಸ್, ಡಾಕ್ಟರ್ ನೋಡಿಯೇ ಹಾಕುತ್ತಾರೆ. ಗುಳಿಗೆ ಮನೆಗೆ ಬಂದ ಮೇಲೆ ಆ ನೋಡುವ ಕೆಲಸ ನಿಮ್ಮದು. ಅದರಲ್ಲೂ ಮುಖ್ಯವಾದದ್ದು, ಈ ಗುಳಿಗೆಯ ಜೊತೆಗೆ ಇನ್ನೇನೇನು ಅವರ ಹೊಟ್ಟೆಗೆ ಹೋಗುತ್ತಿದೆ ಎಂಬುದರ ಮೇಲೆ ಕಣ್ಣಿಡುವುದು. ಅಲ್ಲಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲೇ.

ನಮ್ಮ ಕಡೆ ಕೆಮ್ಮು ಬಿಡದೆ ಎಕ್ಸ್‌ರೇಯಲ್ಲಿ ನೆರಳು ಕಂಡರೆ ಎಷ್ಟೋ ಸಲ ಮೊದಲು ಟಿಬಿ ಎಂದೇ ಔಷಧಿ ಶುರುವಾಗಿರುತ್ತದೆ. ನಿಮ್ಮ ಮನೆಯವರಿಗೂ ಹಾಗೆ ಆಗಿದ್ದರೆ, ಬಯಾಪ್ಸಿ ವರದಿ ಬಂದ ಮೇಲೂ ಆ ಗುಳಿಗೆ ನಡೆಯುತ್ತಿದ್ದರೆ, ಕ್ಯಾನ್ಸರ್ ಡಾಕ್ಟರಿಗೆ ಈಗಲೇ ಹೇಳಿ. ಟಿಬಿಗೆ ಕೊಡುವ ರಿಫಾಂಪಿಸಿನ್ ಲಿವರಿನ ಕಿಣ್ವಗಳನ್ನು ಚುರುಕುಗೊಳಿಸಿ, ರಕ್ತದಲ್ಲಿ ಓಸಿಮರ್ಟಿನಿಬ್ ಪ್ರಮಾಣವನ್ನು ಮುಕ್ಕಾಲು ಭಾಗದಷ್ಟು ಇಳಿಸಿಬಿಡುತ್ತದೆ. ದುಬಾರಿ ಗುಳಿಗೆ ನುಂಗಿಯೂ ನುಂಗದ ಹಾಗೆ. ಅದನ್ನು ನಿಲ್ಲಿಸಿದ ಮೇಲೂ ಸುಮಾರು 3 ವಾರ ಪರಿಣಾಮ ಉಳಿಯುತ್ತದೆ, ಹಾಗಾಗಿ ಯಾವತ್ತು ನಿಲ್ಲಿಸಿದರು ಎಂಬ ತಾರೀಖೂ ಡಾಕ್ಟರಿಗೆ ಬೇಕು. ಟಿಬಿ ನಿಜವಾಗಿಯೂ ಇದೆ ಎಂದಾದರೆ ನೀವಾಗಿ ನಿಲ್ಲಿಸಬೇಡಿ. ಓಸಿಮರ್ಟಿನಿಬ್ ಡೋಸನ್ನು ಏನು ಮಾಡಬೇಕೆಂದು ಇಬ್ಬರು ಡಾಕ್ಟರುಗಳೂ ಕೂಡಿ ನಿರ್ಧರಿಸಬೇಕು.

ಫಿಟ್ಸ್ ಗುಳಿಗೆಯ ಕಥೆಯೂ ಇದೇ. ಮಿದುಳಿಗೆ ಹರಡಿದ್ದರೆ ಫಿಟ್ಸ್ ಬಾರದಿರಲಿ ಎಂದು ಎಪ್ಟೋಯಿನ್ ಬರೆದಿರಬಹುದು. ಅದರಲ್ಲಿರುವ ಫೆನಿಟೋಯಿನ್, ಹಾಗೇ ಕಾರ್ಬಮಜೆಪಿನ್, ಎರಡೂ ರಿಫಾಂಪಿಸಿನ್ ಮಾಡುವ ಕೆಲಸವನ್ನೇ ಮಾಡುತ್ತವೆ. ಲೆವೆಟಿರಾಸಿಟಾಮ್‌ಗೆ ಈ ತೊಂದರೆಯಿಲ್ಲ. ಬದಲಿಸಿಕೊಡಬಹುದೇ ಎಂದು ನೇರವಾಗಿ ಕೇಳಿ. ಫಿಟ್ಸ್ ಔಷಧಿಯನ್ನು ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ.

ಇನ್ನು ಊರಿನ ಕ್ಲಿನಿಕ್. ಸಣ್ಣ ಜ್ವರ, ವಾಂತಿ ಅಂತ ಹೋದರೆ ಅಜಿಥ್ರೊಮೈಸಿನ್ ಇಲ್ಲವೇ ಲೆವೊಫ್ಲಾಕ್ಸಾಸಿನ್, ವಾಂತಿಗೆ ಓಂಡಾನ್ಸೆಟ್ರಾನ್, ಗ್ಯಾಸಿಗೆ ಪ್ಯಾನ್-ಡಿ ಬರೆದುಕೊಡುತ್ತಾರೆ. ಬೇರೆಯವರಿಗೆ ಇದು ಮಾಮೂಲು ಚೀಟಿ. ಓಸಿಮರ್ಟಿನಿಬ್ ತೆಗೆದುಕೊಳ್ಳುವವರಿಗೆ ಹಾಗಲ್ಲ. ಪ್ರತಿ ಬಡಿತದ ನಂತರ ಹೃದಯ ಮತ್ತೆ ಸಜ್ಜಾಗಲು ಹಿಡಿಯುವ ಸಮಯವನ್ನು ಇಸಿಜಿಯಲ್ಲಿ ಕ್ಯೂಟಿ ಎಂದು ಅಳೆಯುತ್ತಾರೆ. ಓಸಿಮರ್ಟಿನಿಬ್ ಅದನ್ನು ಒಂದಿಷ್ಟು ಉದ್ದ ಮಾಡುತ್ತದೆ. ಮೇಲೆ ಹೇಳಿದ ಎರಡು ಆಂಟಿಬಯಾಟಿಕ್, ಓಂಡಾನ್ಸೆಟ್ರಾನ್, ಪ್ಯಾನ್-ಡಿಯಲ್ಲಿರುವ ಡಾಂಪೆರಿಡೋನ್ ಕೂಡ ಉದ್ದ ಮಾಡುವಂಥವೇ. ಎರಡು ಮೂರು ಒಟ್ಟಿಗೆ ಸೇರಿ, ಮೇಲೆ ಭೇದಿಯಾಗಿ ಪೊಟ್ಯಾಸಿಯಂ ಇಳಿದರೆ ಹೃದಯದ ಲಯವೇ ತಪ್ಪಬಹುದು. ಹೃದಯ ಬಡಿತದ ವೇಗಕ್ಕೆ ತಕ್ಕಂತೆ ತಿದ್ದಿ ಲೆಕ್ಕ ಹಾಕಿದ ಕ್ಯೂಟಿ 500 ಮಿಲಿಸೆಕೆಂಡ್ ದಾಟಿದರೆ ಗುಳಿಗೆಯನ್ನೇ ತಡೆಹಿಡಿಯಬೇಕಾಗುತ್ತದೆ. ಈ ಔಷಧಿಗಳನ್ನು ಎಂದೂ ಕೊಡಲೇಬಾರದು ಎಂದಲ್ಲ. ಇಸಿಜಿ ನೋಡಿ, ಗೊತ್ತಿದ್ದು ಕೊಡಬೇಕು. ತಲೆಸುತ್ತಿ ಬಿದ್ದರೆ, ಎದೆ ಡವಡವ ಎಂದರೆ ಕಾಯದೆ ಹತ್ತಿರದ ಎಮರ್ಜೆನ್ಸಿಗೆ ಹೋಗಿ.

ಆದ್ದರಿಂದ ಒಂದು ಕಾರ್ಡು ಮಾಡಿ. ರೋಗದ ಹೆಸರು, ಓಸಿಮರ್ಟಿನಿಬ್ 80 ಮಿ.ಗ್ರಾಂ, ಶುರುವಾದ ತಾರೀಖು, ಬಿಪಿ ಶುಗರ್ ಸೇರಿ ಉಳಿದೆಲ್ಲ ಗುಳಿಗೆ, ಕೊನೆಯ ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ತಾರೀಖು, ಆಸ್ಪತ್ರೆಯ ಫೋನ್ ನಂಬರು. ಅವರ ಪರ್ಸಿನಲ್ಲಿ ಒಂದು, ನಿಮ್ಮ ಮೊಬೈಲಿನಲ್ಲಿ ಒಂದು ಫೋಟೋ. ಯಾವ ಡಾಕ್ಟರ್ ಚೀಟಿ ಬರೆಯುವ ಮುಂಚೆಯೂ ಅದನ್ನು ತೋರಿಸಿ, ಹಲ್ಲಿನ ಡಾಕ್ಟರಿಗೂ. ಕೊಲೆಸ್ಟ್ರಾಲಿಗೆ ರೋಸುವಾಸ್ಟಾಟಿನ್ ತೆಗೆದುಕೊಳ್ಳುತ್ತಿದ್ದರೆ ಅದೂ ಅದರಲ್ಲಿರಲಿ. ಓಸಿಮರ್ಟಿನಿಬ್ ಅದರ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ, ಮೈಕೈ ನೋವು ಬಂದರೆ ಕಾರಣ ಅದಿರಬಹುದು.

ನಾಟಿ ಔಷಧಿ ವಿಷಯದಲ್ಲಿ ನೆಂಟರ ಒತ್ತಡ ಬಂದೇ ಬರುತ್ತದೆ. ಲಕ್ಷ್ಮಣಫಲದ ಎಲೆ ಕಷಾಯ, ಅರಿಶಿನದ ಕ್ಯಾಪ್ಸೂಲ್, ಯಾವುದೋ ತೊಗಟೆಯ ಪುಡಿ. ಸಾರಿಗೆ ಹಾಕುವ ಅರಿಶಿನ, ಅಡುಗೆಯ ಶುಂಠಿ, ಜೀರಿಗೆ ನೀರು, ಇವುಗಳಿಗೆ ಅಡ್ಡಿಯಿಲ್ಲ. ಗಟ್ಟಿ ಮಾಡಿದ ಕಷಾಯ, ಪುಡಿ, ಕ್ಯಾಪ್ಸೂಲ್ ಬೇಡ. ಅದರಲ್ಲಿ ಏನು, ಎಷ್ಟು ಇದೆ ಎಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ, ಮತ್ತು ಲಿವರ್ ಟೆಸ್ಟ್ ಏರಿದಾಗ ತಪ್ಪು ಗುಳಿಗೆಯದೋ ಕಷಾಯದ್ದೋ ಎಂದು ಬಿಡಿಸಲಾಗದೆ ಒಳ್ಳೆಯ ಔಷಧಿ ನಿಲ್ಲುತ್ತದೆ. ನೆಂಟರಿಗೆ 'ಬೇಡ' ಅನ್ನುವ ನಿಷ್ಠುರ ಅವರ ಪಾಲಿಗೆ ಬರದಂತೆ ನೀವು ಹೊತ್ತುಕೊಳ್ಳಿ.

ಗುಳಿಗೆ ಕೊಡುವ ಕ್ರಮ ಸರಳ. ದಿನವೂ ಒಂದೇ ಹೊತ್ತು, ಊಟಕ್ಕೆ ಮುಂಚೆಯೋ ನಂತರವೋ ಪರವಾಗಿಲ್ಲ. ಇಡಿಯಾಗಿ ನುಂಗಬೇಕು, ಪುಡಿ ಮಾಡಬಾರದು. ನುಂಗಲಾಗದಿದ್ದರೆ ಸುಮಾರು 60 ಮಿ.ಲೀ. ಸಾದಾ ನೀರಿಗೆ ಹಾಕಿ ಕಲಕಿ, ಚೂರಾದ ಕೂಡಲೇ ಕುಡಿಸಿ, ಅದೇ ಲೋಟಕ್ಕೆ ಮತ್ತೆ ಅರ್ಧ ಲೋಟ ನೀರು ಹಾಕಿ ತೊಳೆದು ಅದನ್ನೂ ಕುಡಿಸಿ. ಅದು ಪೂರ್ತಿ ಕರಗುವುದಿಲ್ಲ, ಕಣಗಳು ಉಳಿದೇ ಇರುತ್ತವೆ. ಬಿಸಿನೀರು, ಸೋಡಾ, ಹಾಲು, ಜ್ಯೂಸು ಬೇಡ. ನುಂಗಿದ ಮೇಲೆ ವಾಂತಿಯಾದರೆ ಮತ್ತೊಂದು ಕೊಡಬೇಡಿ. ಒಂದು ದಿನ ತಪ್ಪಿದರೆ ಮರುದಿನ ಎರಡು ಕೊಡುವುದೂ ಬೇಡ. ಈ ಔಷಧಿ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 48 ಗಂಟೆ ಹಿಡಿಯುತ್ತದೆ, ಒಂದು ತಪ್ಪಿದ್ದಕ್ಕೆ ಗಾಬರಿ ಬೇಡ. ಸ್ಟ್ರಿಪ್ಪಿನಲ್ಲಿ 7 ಗುಳಿಗೆ ಉಳಿದಾಗಲೇ ಮುಂದಿನದಕ್ಕೆ ಹೇಳಿಬಿಡಿ, ದಾವಣಗೆರೆಯ ಎಲ್ಲ ಮೆಡಿಕಲ್ ಶಾಪಿನಲ್ಲೂ ಇದು ಸಿಕ್ಕದು.

ಇದು ವಾರಗಳ ಲೆಕ್ಕದ ಔಷಧಿಯಲ್ಲ. ಮೊದಲ ಚಿಕಿತ್ಸೆಯಾಗಿ ಕೊಟ್ಟು ನೋಡಿದ ದೊಡ್ಡ ಅಧ್ಯಯನದಲ್ಲಿ ರೋಗ ಮತ್ತೆ ಬೆಳೆಯುವವರೆಗಿನ ಮಧ್ಯಮ ಅವಧಿ 18.9 ತಿಂಗಳು ಇತ್ತು, ಹಳೆಯ ಗುಳಿಗೆಗಳಲ್ಲಿ 10.2. ಅಷ್ಟು ಕಾಲ ನುಂಗಬೇಕೆಂದರೆ ಚರ್ಮ, ಉಗುರು, ಹೊಟ್ಟೆ ಈ ಮೂರನ್ನು ಮೊದಲ ದಿನದಿಂದ ಸಂಭಾಳಿಸಬೇಕು. ಈ ಗುಳಿಗೆ ತಡೆಯುವ ಇಜಿಎಫ್‌ಆರ್ ಗ್ರಾಹಕ ಚರ್ಮದಲ್ಲೂ ಕರುಳಿನಲ್ಲೂ ಇರುವುದರಿಂದ ಗುಳಿಗೆ ಅಲ್ಲಿಗೂ ಸ್ವಲ್ಪ ತಗಲುತ್ತದೆ.

ಭೇದಿ: ದಿನಕ್ಕೆ ಎಷ್ಟು ಸಲ ಎಂದು ಗೋಡೆಯ ಕ್ಯಾಲೆಂಡರಿನಲ್ಲೇ ಬರೆಯಿರಿ. ಪ್ರತಿ ಸಲ ಹೋದ ಮೇಲೆ ಒಂದು ಲೋಟ ಓಆರ್‌ಎಸ್. ದೊಡ್ಡ ಪೊಟ್ಟಣವಾದರೆ ಪೂರ್ತಿ ಒಂದು ಲೀಟರ್ ನೀರಿಗೆ, ಅರ್ಧರ್ಧ ಅಲ್ಲ. ಗಂಜಿ, ಮೊಸರನ್ನ, ಉಪ್ಪು ಹಾಕಿದ ನೀರು ಮಜ್ಜಿಗೆ, ಬಾಳೆಹಣ್ಣು ಸರಿ. ಲೋಪೆರಮೈಡ್ ಡಾಕ್ಟರ್ ಬರೆದುಕೊಟ್ಟಿದ್ದರೆ ಸಾಮಾನ್ಯ ಕ್ರಮ ಮೊದಲು 4 ಮಿ.ಗ್ರಾಂ, ಆಮೇಲೆ ಪ್ರತಿ ನೀರು ಭೇದಿಗೆ 2, ದಿನಕ್ಕೆ 16 ದಾಟಬಾರದು. ಮಿತಿ ಮೀರಿದರೆ ಅದೂ ಕ್ಯೂಟಿಯನ್ನು ಎಳೆಯುತ್ತದೆ. ಮಾಮೂಲಿಗಿಂತ 4 ಸಲ ಹೆಚ್ಚಾದರೆ ಆಸ್ಪತ್ರೆಗೆ ಫೋನ್ ಮಾಡಿ, 7 ಸಲ ಹೆಚ್ಚಾದರೆ ಅಥವಾ ಜ್ವರ, ರಕ್ತ ಕಂಡರೆ ಆಸ್ಪತ್ರೆಗೇ ಹೋಗಿ.

ಚರ್ಮ: ಸ್ನಾನ ಉಗುರು ಬೆಚ್ಚಗಿನ ನೀರಿನಲ್ಲಿ, ಸೀಗೆಪುಡಿ ಕಡಲೆಹಿಟ್ಟಿನ ಉಜ್ಜುವಿಕೆ ಇಲ್ಲದೆ. ಮೈ ತೇವ ಆರುವ ಮುಂಚೆಯೇ ಪರಿಮಳವಿಲ್ಲದ ಮಾಯಿಶ್ಚರೈಸರ್, ದಿನಕ್ಕೆ ಎರಡು ಸಲ. ಬಿಸಿಲಿಗೆ ಎಸ್‌ಪಿಎಫ್ 30ರ ಕ್ರೀಮು, ಜೊತೆಗೆ ಸೆರಗೋ ಕೊಡೆಯೋ. ಮುಖದ ಮೇಲೆ ಬರುವ ಗುಳ್ಳೆ ನೋಡಲು ಮೊಡವೆಯಂತೆ ಇದ್ದರೂ ಮೊಡವೆಯಲ್ಲ. ಮೊಡವೆ ಕ್ರೀಮು ಹಚ್ಚಿದರೆ ಒಣಗಿ ಇನ್ನೂ ಉರಿಯುತ್ತದೆ.

ಉಗುರಿನ ಬುಡ ಕೆಂಪಾಗಿ ಊದುವುದು ತಡವಾಗಿ ಬರುತ್ತದೆ, ಆದರೆ ಹೆಚ್ಚು ಕಾಡುವುದು ಅದೇ. ಪಾತ್ರೆ, ಬಟ್ಟೆ ಸೋಪು ಅವರ ಕೈಗೆ ಬೀಳದಿರಲಿ, ಅಥವಾ ಒಳಗೆ ಹತ್ತಿಯದು, ಮೇಲೆ ರಬ್ಬರಿನ ಗ್ಲೌಸ್. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಅಗೆಯಬೇಡಿ. ಊತ ಶುರುವಾದರೆ ಬಿಳಿ ವಿನಿಗರ್ ಒಂದು ಪಾಲು, ನೀರು ಒಂದು ಪಾಲು ಬೆರೆಸಿ ದಿನಕ್ಕೆ 15 ನಿಮಿಷ ಅದ್ದಿಡಿ, ಒರೆಸಿ ಒಣಗಿಸಿ. ಕೀವು ಬಂದರೆ ಡಾಕ್ಟರಿಗೆ ತೋರಿಸಿ. ಉಗುರು ಸುತ್ತಿಗೆ ನಿಂಬೆಹಣ್ಣು ಸಿಕ್ಕಿಸುವ ಮನೆಮದ್ದು ಇಲ್ಲಿ ಬೇಡ, ಬಿರಿದ ಚರ್ಮಕ್ಕೆ ಅದು ಗಾಯವನ್ನೇ ಮಾಡುತ್ತದೆ. ಬಾಯಿ ಹುಣ್ಣಿಗೆ ಒಂದು ಲೀಟರ್ ನೀರಿಗೆ ಒಂದು ಚಮಚ ಉಪ್ಪು, ಒಂದು ಚಮಚ ಅಡುಗೆ ಸೋಡಾ ಹಾಕಿ ಊಟದ ನಂತರ ಮುಕ್ಕಳಿಸಲಿ, ಖಾರ ಕೆಲವು ದಿನ ಇಳಿಸಿ.

ಈಗ ನಿಜಕ್ಕೂ ಹೆದರಬೇಕಾದ್ದು. ಹೊಸದಾಗಿ ಉಬ್ಬಸ, ಒಣ ಕೆಮ್ಮು, ಜ್ವರ, ನಿನ್ನೆ ಹತ್ತಿದ ಮೆಟ್ಟಿಲು ಇವತ್ತು ಹತ್ತಲಾಗದಿರುವುದು. ಇದು ಶ್ವಾಸಕೋಶದ ಉರಿಯೂತವಿರಬಹುದು. ನೂರರಲ್ಲಿ ಮೂರು ನಾಲ್ಕು ಮಂದಿಗೆ ಬರುತ್ತದೆ, ಬಂದರೆ ಜೀವಕ್ಕೆ ಅಪಾಯ. ಶೀತ ಎಂದು ಎರಡು ದಿನ ನೋಡೋಣ ಅನ್ನಬೇಡಿ. ಮುಂದಿನ ಗುಳಿಗೆ ಕೊಡುವ ಮೊದಲೇ ಡಾಕ್ಟರಿಗೆ ಫೋನ್ ಮಾಡಿ. ಗುಳಿಗೆ ಶುರು ಮಾಡುವ ದಿನವೇ ಆಕ್ಸಿಮೀಟರಿನಲ್ಲಿ ಅವರ ಮಾಮೂಲು ಎಷ್ಟು ಎಂದು ಬರೆದಿಟ್ಟರೆ ಇಳಿದದ್ದು ಗೊತ್ತಾಗುತ್ತದೆ. ಮೊದಲು ಇಮ್ಯುನೋಥೆರಪಿ ಇಂಜೆಕ್ಷನ್ ಆಗಿದ್ದರೆ ಈ ಅಪಾಯ ಹೆಚ್ಚು, ಅದನ್ನು ಡಾಕ್ಟರಿಗೆ ನೆನಪಿಸಿ. ಕಾಲು ಊದಿ, ಮಲಗಿದರೆ ಉಸಿರು ಕಟ್ಟಿದಂತಾದರೆ ಹೃದಯದ ಪಂಪು ತಗ್ಗಿರಬಹುದು. ಶುರುವಿಗೆ ಮುಂಚೆ ಒಂದು ಎಕೋ ಮಾಡಿಸುವುದು ಇದಕ್ಕೇ. ಕಣ್ಣು ಕೆಂಪಾಗಿ ನೋವು, ಬೆಳಕು ಚುಚ್ಚಿದಂತಾದರೆ ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಇದೆಲ್ಲ ಅವರಿಗೆ ಗೊತ್ತಿರಬೇಕು. ಮನೆಯ ಹೆಂಗಸಿಗೆ ಕಾಯಿಲೆಯ ಹೆಸರೇ ಹೇಳದೆ 'ಶ್ವಾಸಕೋಶಕ್ಕೆ ಶಕ್ತಿಯ ಗುಳಿಗೆ' ಎಂದು ಕೊಡುವ ಮನೆಗಳಿವೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ನಡುರಾತ್ರಿ ಉಸಿರು ಬಿಗಿದಾಗ ಅದು ಮುಖ್ಯ ಎಂದು ಅವರಿಗೆ ತಿಳಿಯುವುದಾದರೂ ಹೇಗೆ? ಇನ್ನೊಂದು, ತೊಂದರೆ ಹೇಳಿದರೆ ಡೋಸು ಇಳಿಸುತ್ತಾರೆ, ರೋಗ ಬೆಳೆಯುತ್ತದೆ ಎಂದು ಹೆದರಿ ಬಾಯಿಬಿಡದವರು ಬಹಳ. 40 ಮಿ.ಗ್ರಾಂ ಗುಳಿಗೆ ಇರುವುದೇ ಅದಕ್ಕೆ, ಡೋಸು ಇಳಿಸುವುದೂ ಚಿಕಿತ್ಸೆಯ ಭಾಗ. ಬೆಳಗ್ಗೆ ಎದ್ದ ಕೂಡಲೇ 'ಭೇದಿ ಆಯ್ತಾ, ಗುಳಿಗೆ ತಗೊಂಡ್ಯಾ' ಎಂದು ವಿಚಾರಣೆ ಮಾಡಬೇಡಿ. ದಿನಕ್ಕೆ ಒಂದು ಹೊತ್ತು ಇಟ್ಟುಕೊಂಡು ಇಬ್ಬರೂ ಕೂತು ಬರೆಯಿರಿ, ಉಳಿದ ಹೊತ್ತು ರೋಗದ ಮಾತು ಬೇಡ. ಅಡುಗೆ ಮಾಡುತ್ತೇನೆಂದರೆ ಮಾಡಲಿ. ಕೆಲವು ವಾರಗಳಲ್ಲಿ ಕೆಮ್ಮು ನಿಂತು ಹಗುರವಾಯಿತೆಂದು ಗುಳಿಗೆ ನಿಲ್ಲಿಸುವ ಮಾತು ಬಂದರೆ ಒಪ್ಪಬೇಡಿ, ಕೆಮ್ಮು ನಿಂತಿರುವುದು ಗುಳಿಗೆಯಿಂದಲೇ.

ದುಡ್ಡಿನ ಬಗ್ಗೆ. 2024ರ ಜುಲೈ ಬಜೆಟ್ಟಿನಲ್ಲಿ ಓಸಿಮರ್ಟಿನಿಬ್ ಸೇರಿ ಮೂರು ಕ್ಯಾನ್ಸರ್ ಔಷಧಿಗಳ ಕಸ್ಟಮ್ಸ್ ಸುಂಕ ತೆಗೆದರು, ಆದರೂ ಬೆಲೆ ಹೆಚ್ಚೇ. ಮೊದಲ ಸ್ಟ್ರಿಪ್ ಕೊಳ್ಳುವ ಮುಂಚೆಯೇ ಆಸ್ಪತ್ರೆಯ ಸಮಾಜಕಾರ್ಯಕರ್ತರನ್ನು ಕಂಡು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ, ಮುಖ್ಯಮಂತ್ರಿ ಪರಿಹಾರ ನಿಧಿ, ಕಂಪನಿಯ ರೋಗಿ ಸಹಾಯ ಯೋಜನೆ ಮೂರನ್ನೂ ಕೇಳಿ. ಖಾಸಗಿ ವಿಮೆ ಇದ್ದರೆ ಪಾಲಿಸಿಯಲ್ಲಿ 'ಓರಲ್ ಕಿಮೋಥೆರಪಿ' ಎಂಬ ಸಾಲು ಹುಡುಕಿ, ಅದಕ್ಕೆ ಬೇರೆ ಮಿತಿ ಇರಬಹುದು. ವಾಟ್ಸ್ಯಾಪಿನಲ್ಲಿ ಹೊರದೇಶದ ಅಗ್ಗದ ಗುಳಿಗೆ ಸ್ಟ್ರಿಪ್ ಕಳಿಸುತ್ತೇವೆ ಎನ್ನುವವರಿಂದ ಕೊಳ್ಳಬೇಡಿ. ಬಿಲ್ಲು, ಬ್ಯಾಚ್ ನಂಬರು ಇಲ್ಲದ ಗುಳಿಗೆಯಲ್ಲಿ ಔಷಧಿ ಇದೆ ಎನ್ನಲು ಏನೂ ಆಧಾರವಿಲ್ಲ.

ಬೆಂಗಳೂರಿಗೆ ರೈಲಿನಲ್ಲಿ ಬನ್ನಿ. ಚಿಕಿತ್ಸೆಗೆ ಹೋಗಿ ಬರುವ ಕ್ಯಾನ್ಸರ್ ರೋಗಿಗೆ ಸ್ಲೀಪರ್, ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಬರುವವರಿಗೆ 75 ಶೇಕಡಾ ರಿಯಾಯಿತಿ. ರೈಲ್ವೆಯ ನಮೂನೆಗೆ ಆಸ್ಪತ್ರೆಯ ಸಹಿ, ಸೀಲು ಬೇಕು, ಈ ಸಲ ಹೋದಾಗಲೇ ಹಾಕಿಸಿಕೊಂಡು ಬನ್ನಿ.